ಯಾವ ಕ್ಯಾಂಪೇನ್ ಆಡಿಸೋಣ? ಮೊದಲು ಶನಿವಾರ ಎಣಿಸಿ

ನಾನು ಮೊದಲ ಸಲ ಆಡಿಸಲು ಹೊರಟ ಕ್ಯಾಂಪೇನ್, ಅಂದರೆ ಪಾತ್ರ ಕಟ್ಟಿ ದಾಳ ಹಾಕಿ ಆಡುವ ರೋಲ್‌ಪ್ಲೇಯಿಂಗ್ ಆಟದ ಉದ್ದ ಕಥೆ, ಐದನೇ ಸೆಷನ್ನಿಗೆ ನಿಂತುಹೋಯಿತು. ಪುಸ್ತಕದ ತಪ್ಪೇನೂ ಇರಲಿಲ್ಲ. ಮಂಜು ಮುಸುಕಿದ ಕಣಿವೆ, ಬೆಟ್ಟದ ಮೇಲೆ ಕೋಟೆ, ಕೋಟೆಯೊಳಗೆ ಸಾವಿಲ್ಲದ ರಕ್ತಪಿಶಾಚಿ ದೊರೆ. ಆಡಿದವರೆಲ್ಲ ಹೊಗಳುವ ಪುಸ್ತಕ. ನಾನು ಒಂದು ತಿಂಗಳು ಕೂತು ಓದಿದೆ, ಟಿಪ್ಪಣಿ ಮಾಡಿದೆ, ನಕ್ಷೆಗಳನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿದೆ. ಶುರು ಮಾಡಿದ್ದು ನವೆಂಬರ್ ಕೊನೆಗೆ.

ಕಲಬುರಗಿಯಲ್ಲಿ ಹುಟ್ಟಿ ಬೆಳೆದವನಿಗೆ ಡಿಸೆಂಬರ್ ಎಂದರೆ ಏನು ಅಂತ ಗೊತ್ತಿರಬೇಕಿತ್ತು. ಒಬ್ಬ ತೊಗರಿ ರಾಶಿಗೆ ಊರಿಗೆ ಹೋದವನು ಮೂರು ವಾರ ಬರಲಿಲ್ಲ. ಇನ್ನೊಬ್ಬನ ಮನೆಯಲ್ಲಿ ಮದುವೆ. ಎಳ್ಳಮಾವಾಸ್ಯೆಗೆ ಇಡೀ ಗುಂಪೇ ಚರಗ ಚೆಲ್ಲಲು ಹೊಲಕ್ಕೆ ಹೋಯಿತು, ನಾನೂ ಹೋದೆ. ಭಜ್ಜಿ, ಸಜ್ಜೆ ರೊಟ್ಟಿ ಬಿಟ್ಟು ರಕ್ತಪಿಶಾಚಿ ಹತ್ತಿರ ಯಾರು ಕೂರುತ್ತಾರೆ? ಫೆಬ್ರವರಿಯಲ್ಲಿ ಮತ್ತೆ ಸೇರಿದಾಗ ಹಿಂದಿನ ಕಥೆ ಯಾರಿಗೂ ನೆನಪಿರಲಿಲ್ಲ. ತಾನು ಯಾಕೆ ಆ ಕೋಟೆಗೆ ಹೊರಟಿದ್ದೆ ಅಂತ ಒಬ್ಬ ನನ್ನನ್ನೇ ಕೇಳಿದ.

ಆಮೇಲೆ ಮೂರು ಕ್ಯಾಂಪೇನ್ ಆಡಿಸಿದ್ದೇನೆ. ಎರಡು ಮುಗಿದಿವೆ, ಒಂದು ನಡೆಯುತ್ತಿದೆ. ಹೊಸದಾಗಿ ಆಡಿಸಲು ಹೊರಟವರು 'ಯಾವ ಪುಸ್ತಕ ತಗೊಳ್ಳಲಿ' ಅಂತ ಕೇಳಿದಾಗ ನಾನು ಈಗ ಪುಸ್ತಕದ ಹೆಸರು ಹೇಳುವುದಿಲ್ಲ. ಕ್ಯಾಲೆಂಡರ್ ತೆಗೆಯಿರಿ ಅಂತೀನಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಎಂದರೆ ನಾಲ್ಕೈದು ಜನ ಸುತ್ತ ಕೂತು ಬಾಯಲ್ಲೇ ಕಟ್ಟುವ ಕಥೆ. ಒಬ್ಬರು ಗೇಮ್ ಮಾಸ್ಟರ್. ಊರು, ಕಾಡು, ಕಳ್ಳ, ರಾಕ್ಷಸ, ಹೋಟೆಲ್ ಮಾಲೀಕ ಎಲ್ಲ ಅವರ ಪಾಲು. ಉಳಿದವರಿಗೆ ತಲೆಗೊಂದು ಪಾತ್ರ. 'ಬಾಗಿಲು ಒಡೀತೀನಿ' ಅಂತ ಪಾತ್ರಧಾರಿ ಹೇಳಿದರೆ, ಒಡೆಯಿತೋ ಇಲ್ಲವೋ ದಾಳ ಹೇಳುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರಾಗನ್ಸ್‌ನಿಂದ ಈ ಆಟಗಳ ವಂಶ ಶುರು. ನಮ್ಮ ಕಡೆಯವರಿಗೆ ನಾನು ದೊಡ್ಡಾಟ ನೆನಪಿಸುತ್ತೇನೆ. ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಎದುರು ನಿಂತು 'ತಾವು ಯಾರು, ಎಲ್ಲಿಂದ ಬಂದಿರಿ' ಅಂತ ಮಾತಿಗೆಳೆಯುತ್ತಾನಲ್ಲ, ಗೇಮ್ ಮಾಸ್ಟರ್ ಕೆಲಸ ಬಹುಪಾಲು ಅದೇ. ಇಲ್ಲಿ ಮುಂದಿನ ಮಾತು ಯಾರಿಗೂ ಬಾಯಿಪಾಠ ಆಗಿರುವುದಿಲ್ಲ, ಅಷ್ಟೇ. ಒಂದೇ ಸಂಜೆಗೆ ಮುಗಿದರೆ ಒನ್‌ಶಾಟ್. ಅದೇ ಪಾತ್ರಗಳನ್ನು ಹಿಡಿದು ತಿಂಗಳುಗಟ್ಟಲೆ ನಡೆದರೆ ಕ್ಯಾಂಪೇನ್. ಒಂದು ಸಲ ಆಡಲು ಕೂತರೆ ಅದು ಒಂದು ಸೆಷನ್. ಕ್ಯಾಂಪೇನಿನ ಕಥೆ ಸಿದ್ಧ ಪುಸ್ತಕವಾಗಿ ಸಿಗುತ್ತದೆ.

ಹೆಜ್ಜೆ 1: ಶನಿವಾರ ಎಣಿಸಿ

ಗೋಡೆಯ ಕ್ಯಾಲೆಂಡರ್ ಇಳಿಸಿ, ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ನಿಮ್ಮ ಗುಂಪು ಸೇರುವುದು ಭಾನುವಾರವಾದರೆ ಭಾನುವಾರ ಎಣಿಸಿ. ವರ್ಷಕ್ಕೆ 52 ಇವೆ. ಈಗ ಕಳೆಯುತ್ತಾ ಬನ್ನಿ.

ರಾಶಿಯ ದಿನಗಳು ಹೋದವು. ಎಳ್ಳಮಾವಾಸ್ಯೆ, ನಾಗರಪಂಚಮಿ, ದೀಪಾವಳಿ ಹೋದವು. ಹೋಳಿ ಆದಮೇಲೆ ಶರಣಬಸವೇಶ್ವರ ಜಾತ್ರೆ, ಮನೆ ತುಂಬ ನೆಂಟರು. ಬಂದೇನವಾಜ್ ಉರುಸ್ ಮತ್ತು ರಂಜಾನ್ ಚಂದ್ರನ ಲೆಕ್ಕದವು, ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತವೆ. ಹಳೇ ವರ್ಷದ ನೆನಪಿನಿಂದ ಗುರುತು ಹಾಕಬೇಡಿ. ವಿದ್ಯಾರ್ಥಿಗಳಿದ್ದರೆ ಪರೀಕ್ಷೆ ತಿಂಗಳು ಹೋಯಿತು. ಸರ್ಕಾರಿ ನೌಕರಿಯವರಿದ್ದರೆ ವರ್ಗಾವಣೆ ಸೀಜನ್‌ನಲ್ಲಿ ಒಬ್ಬರು ಕಳೆದುಹೋಗಬಹುದು.

ಬೇಸಿಗೆ ಬೇರೆ ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಮಧ್ಯಾಹ್ನ ಮೂರಕ್ಕೆ ಕೂತು ತಲೆ ಓಡಿಸಲು ಆಗುವುದಿಲ್ಲ. ನಾವು ಆ ಎರಡು ತಿಂಗಳು ರಾತ್ರಿ ಎಂಟರ ಮೇಲೆ ಮಾಳಿಗೆಯಲ್ಲಿ ಚಾಪೆ ಹಾಸಿ ಆಡುತ್ತೇವೆ. ಕರೆಂಟ್ ಹೋದರೆ ಇನ್ನೂ ಚಂದ, ಆದರೆ ಮೊಬೈಲಿನಲ್ಲಿ ನಿಯಮ ಓದುವವರ ಚಾರ್ಜ್ ನೋಡಿಕೊಳ್ಳಿ.

ಇಷ್ಟು ಕಳೆದರೆ ನಮ್ಮ ಗುಂಪಿಗೆ ಉಳಿದದ್ದು 24 ಶನಿವಾರ. ಅದರಲ್ಲೂ ಮೂರರಲ್ಲಿ ಒಂದು ಯಾವುದೋ ಕಾರಣಕ್ಕೆ ರದ್ದಾಗುತ್ತದೆ. ಹಾಗಾಗಿ ಕೈಗೆ ಸಿಗುವುದು 16. ಮೂರು ತಾಸು ಅಂತ ಕೂತರೂ ಚಹಾ, ಮಾತು, ತಡವಾಗಿ ಬಂದವನಿಗೆ ಕಥೆ ಹೇಳುವುದು, ಬೀದರ್ ಗೆಳೆಯನ ವಾಪಸ್ ಬಸ್ಸಿನ ಚಿಂತೆ ಎಲ್ಲ ಕಳೆದು ನಿಜವಾದ ಆಟ ಎರಡು ತಾಸು. ಅಂದರೆ ವರ್ಷಕ್ಕೆ 32 ತಾಸು. ಇದು ನಿಮ್ಮ ಬಂಡವಾಳ.

ಈಗ ಪುಸ್ತಕದ ಬೆನ್ನ ಮೇಲೆ ಬರೆದಿರುವ ಲೆವೆಲ್ ನೋಡಿ. ಲೆವೆಲ್ ಅಂದರೆ ಆಡುತ್ತಾ ಹೋದಂತೆ ಪಾತ್ರದ ಬಲ ಏರುವ ಮೆಟ್ಟಿಲು. ಡಂಜನ್ಸ್ ಅಂಡ್ ಡ್ರಾಗನ್ಸ್‌ನಲ್ಲಿ ಒಂದು ಲೆವೆಲ್ ಏರಲು ನಮ್ಮ ಮೇಜಿಗೆ ಎರಡರಿಂದ ಮೂರು ಸೆಷನ್ ಹಿಡಿಯುತ್ತದೆ. ಲೆವೆಲ್ 1ರಿಂದ 5ರವರೆಗಿನ ಕ್ಯಾಂಪೇನ್ ಹತ್ತರಿಂದ ಹದಿನಾಲ್ಕು ಸೆಷನ್ನಿಗೆ ಮುಗಿಯುತ್ತದೆ. 1ರಿಂದ 10ರವರೆಗಿನದ್ದು ಮೂವತ್ತರ ಹತ್ತಿರ ಹೋಗುತ್ತದೆ. ನಮ್ಮ ಲೆಕ್ಕದಲ್ಲಿ ಅದು ಎರಡು ವರ್ಷ. ನನ್ನ ರಕ್ತಪಿಶಾಚಿ ಪುಸ್ತಕ, 2016ರ ಕರ್ಸ್ ಆಫ್ ಸ್ಟ್ರಾಡ್, ಲೆವೆಲ್ 1ರಿಂದ 10ರದ್ದು. ನಾನು ಈ ಗುಣಾಕಾರ ಮೊದಲೇ ಮಾಡಿದ್ದರೆ ನಕ್ಷೆ ಪ್ರಿಂಟಿನ ದುಡ್ಡಾದರೂ ಉಳಿಯುತ್ತಿತ್ತು.

ಎರಡು ವರ್ಷದ ಕ್ಯಾಂಪೇನ್ ಆಡಿಸಲೇಬಾರದು ಅಂತಲ್ಲ. ಮೊದಲನೆಯದ್ದು ಅದಾಗಬಾರದು.

ಹೆಜ್ಜೆ 2: ಯಾರು ಕೂತಿದ್ದಾರೆ ನೋಡಿ

'ನಿಮಗೆ ಎಂಥ ಆಟ ಇಷ್ಟ?' ಅಂತ ಕೇಳಬೇಡಿ. ಹೊಸಬರಿಗೆ ಅದಕ್ಕೆ ಉತ್ತರ ಗೊತ್ತಿರುವುದಿಲ್ಲ, 'ಏನಾದ್ರೂ ನಡೀತದ' ಅಂತಾರೆ. ಅದರ ಬದಲು 'ಈಚೆಗೆ ನೋಡಿದ ಯಾವ ಕಥೆ ಬೇರೆಯವರಿಗೆ ಹೇಳಿದಿ?' ಅಂತ ಕೇಳಿ. ಜನ ಹೇಗೆ ಹೇಳುತ್ತಾರೆ ಅನ್ನುವುದರಲ್ಲೇ ಉತ್ತರ ಇರುತ್ತದೆ. ನಮ್ಮಲ್ಲಿ ಬ್ಯಾಂಕಿನವನು ಹೊಡೆದಾಟ ಮಾತ್ರ ಹೇಳಿದ. ನಾಟಕ ಮಾಡಿ ಅಭ್ಯಾಸವಿರುವ ಮೇಷ್ಟ್ರು ಎರಡು ಪಾತ್ರದ ಜಗಳವನ್ನು ದನಿ ಬದಲಿಸಿ ಆಡಿ ತೋರಿಸಿದರು. ಔಷಧಿ ಅಂಗಡಿ ನಡೆಸುವವಳು 'ಕೊಲೆ ಮಾಡಿದ್ದು ಯಾರಂತ ನನಗೆ ಅರ್ಧಕ್ಕೇ ಗೊತ್ತಾಗಿತ್ತು' ಅಂದಳು. ಮೂವರ ರುಚಿ ಮೂರು ದಿಕ್ಕು. ಹೊಡೆದಾಟ, ಮಾತು, ಒಗಟು ಮೂರೂ ಇರುವ ಕ್ಯಾಂಪೇನ್ ನಮಗೆ ಬೇಕು ಅಂತ ಅವತ್ತೇ ತೀರ್ಮಾನವಾಯಿತು.

ಸಂಖ್ಯೆಯೂ ಮುಖ್ಯ. ನಾಲ್ವರು ಚಂದ. ಆರು ಜನ ಆದರೆ ಎರಡು ತಾಸಿನಲ್ಲಿ ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷವೂ ಬರುವುದಿಲ್ಲ, ಯಾಕೆಂದರೆ ನೀವೂ ಮಾತಾಡಬೇಕಲ್ಲ. ಉಳಿದ ಹೊತ್ತು ಅವರು ರೀಲ್ಸ್ ನೋಡುತ್ತಾರೆ. ತಪ್ಪು ಅವರದ್ದಲ್ಲ.

ಹೆಜ್ಜೆ 3: ಕ್ಯಾಂಪೇನಿನ ಆಕಾರ

ಕ್ಯಾಂಪೇನ್ ಪುಸ್ತಕಗಳನ್ನು ನಾನು ಮೂರು ಬಗೆ ಮಾಡಿ ನೋಡುತ್ತೇನೆ.

ಒಂದು, ದಾರಿ ಇರುವಂಥವು. ಮೊದಲ ಅಧ್ಯಾಯ ಮುಗಿದರೆ ಎರಡನೆಯದು, ಅದರ ಕೊನೆಗೆ ಮೂರನೆಯದರ ಬಾಗಿಲು. ಹೊಸ ಗೇಮ್ ಮಾಸ್ಟರ್‌ಗೆ ಇದು ಸುಲಭ. ಇದರಲ್ಲಿ ನಾನು ಎಲ್ಲರಿಗೂ ಹೇಳುವುದು ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್. 2014ರ ಸ್ಟಾರ್ಟರ್ ಸೆಟ್ ಪೆಟ್ಟಿಗೆಯಲ್ಲಿ ಬಂದದ್ದು. ಲೆವೆಲ್ 1ರಿಂದ 5, ನಾಲ್ಕು ಭಾಗ, ಐದು ಸಿದ್ಧ ಪಾತ್ರಗಳು. ಒಂದು ಹಳ್ಳಿ, ಅದನ್ನು ಕಾಡುವ ಪುಂಡರು, ಕಾಣೆಯಾದ ಯಜಮಾನ, ಕಳೆದುಹೋದ ಗಣಿ. ಹೊಡೆದಾಟವೂ ಇದೆ, ಮಾತೂ ಇದೆ. ಮೂರನೇ ಭಾಗದಲ್ಲಿ ಬಯಲು ಸ್ವಲ್ಪ ತೆರೆದುಕೊಳ್ಳುತ್ತದೆ, ಆಟಗಾರರು ಎತ್ತ ಬೇಕಾದರೂ ಹೋಗಬಹುದು. ಅಷ್ಟು ಹೊತ್ತಿಗೆ ನಿಮಗೂ ಕೈ ಕುದುರಿರುತ್ತದೆ. ಒಂದು ಎಚ್ಚರಿಕೆ: ಶುರುವಿನಲ್ಲಿ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರ ಹೊಂಚುದಾಳಿ ಲೆವೆಲ್ 1ರ ಪಾತ್ರಗಳನ್ನು ಸಲೀಸಾಗಿ ಕೊಂದುಬಿಡಬಲ್ಲದು. ನಾನು ಎರಡು ಗಾಬ್ಲಿನ್ ಕಡಿಮೆ ಮಾಡಿದ್ದೆ.

ಕಡಿಮೆ ಮಾಡಿ ಏನು ಬಂತು? ರಸ್ತೆಗೆ ಅಡ್ಡ ಎರಡು ಕುದುರೆ ಸತ್ತು ಬಿದ್ದಿವೆ ಅಂತ ನಾನು ವರ್ಣಿಸುತ್ತಿದ್ದಂತೆ ಔಷಧಿ ಅಂಗಡಿಯವಳು, 'ಕುದುರಿ ಸತ್ತ ಬಿದ್ದಾವಂದ್ರ ನಾವ್ ಯಾಕ ಇಳೀಬೇಕು? ಗಾಡಿ ತಿರಗಸ್ರಿ' ಅಂದಳು. ಮೇಷ್ಟ್ರೂ ಹೌದು ಹೌದು ಅಂದರು. ಗಾಡಿ ತಿರುಗಿತು. ದಾರಿ ಇರುವ ಕ್ಯಾಂಪೇನಿನ ತೊಂದರೆ ಇದೇ. ಹುಷಾರು ಜನ ಜಾಸ್ತಿ ಇರುವ ಗುಂಪು ದಾರಿ ಬಿಟ್ಟು ಹೋಗುತ್ತದೆ. ಅದಕ್ಕೇ ಮೊದಲೇ ಒಂದು ಒಪ್ಪಂದ ಮಾಡಿಕೊಳ್ಳಿ. ಕಥೆ ಎಲ್ಲಿದೆಯೋ ಅತ್ತ ಹೋಗುವ ಕಾರಣವನ್ನು ಪಾತ್ರಗಳು ತಾವೇ ಹುಡುಕಿಕೊಳ್ಳಬೇಕು. ಕಾಣೆಯಾದ ಯಜಮಾನ ನಿನ್ನ ಸಾಲ ತೀರಿಸಬೇಕು, ಅಥವಾ ಅವನು ನಿನ್ನ ಸೋದರಮಾವ. ಮುಗೀತು.

ಎರಡು, ಬಯಲು. ಇಂಗ್ಲಿಷಿನವರು ಸ್ಯಾಂಡ್‌ಬಾಕ್ಸ್ ಅನ್ನುತ್ತಾರೆ. ಪುಸ್ತಕ ಒಂದು ಸೀಮೆ ಕೊಡುತ್ತದೆ, ಅಲ್ಲಿ ಇರುವ ಜನ, ಜಗಳ, ಜಾಗ ಕೊಡುತ್ತದೆ. ಎಲ್ಲಿಂದ ಶುರು, ಎತ್ತ ಹೋಗಬೇಕು ಅನ್ನುವುದು ಆಟಗಾರರ ಇಷ್ಟ. ಕರ್ಸ್ ಆಫ್ ಸ್ಟ್ರಾಡ್ ಬಹುಪಾಲು ಇದೇ ಬಗೆ. ಅದರಲ್ಲಿ ಮುಖ್ಯ ಆಯುಧಗಳು ಎಲ್ಲಿ ಅಡಗಿವೆ ಅನ್ನುವುದನ್ನೂ ಕಾರ್ಡು ಎಳೆದೇ ನಿರ್ಧರಿಸಬೇಕು. ಚಂದ ಇದೆ, ನಿಜ. ಆದರೆ ಬಯಲಿನ ಕ್ಯಾಂಪೇನಿಗೆ ನೆನಪು ಬೇಕು. ಮೂರು ವಾರ ಬಿಟ್ಟು ಬಂದವನಿಗೆ ಹತ್ತು ಹೆಸರು, ಆರು ಜಾಗ ನೆನಪಿರುವುದಿಲ್ಲ. ವಾರ ತಪ್ಪದೆ ಸೇರುವ ಗುಂಪಿಗೆ ಮಾತ್ರ ಇದು ಸೈ.

ಮೂರು, ಬಿಡಿಕಥೆಗಳು. ನನ್ನ ಕೇಳಿದರೆ ನಮ್ಮ ಕಡೆಯ ಬಹಳ ಗುಂಪುಗಳಿಗೆ ಹೊಂದುವುದು ಇದೇ, ಆದರೆ ಯಾರೂ ಮೊದಲು ಇದನ್ನು ಕೊಳ್ಳುವುದಿಲ್ಲ. ಎರಡು ಮೂರು ಸಂಜೆಗೆ ಮುಗಿಯುವ ಹಲವು ಕಥೆಗಳು, ಅವುಗಳನ್ನು ಕೂಡಿಸುವ ಒಂದು ತೆಳು ದಾರ. 2021ರ ಕ್ಯಾಂಡಲ್‌ಕೀಪ್ ಮಿಸ್ಟರೀಸ್‌ನಲ್ಲಿ 17 ಇವೆ. ಎಲ್ಲವೂ ಒಂದು ದೊಡ್ಡ ಗ್ರಂಥಾಲಯದ ಒಂದೊಂದು ಪುಸ್ತಕದಿಂದ ಶುರುವಾಗುತ್ತವೆ. 2022ರ ಜರ್ನೀಸ್ ಥ್ರೂ ದಿ ರೇಡಿಯಂಟ್ ಸಿಟಡೆಲ್‌ನಲ್ಲಿ 13. ಅದರಲ್ಲಿ ಒಂದು ಕಥೆಯನ್ನು ಬರೆದದ್ದು ಮಿಮಿ ಮಂಡಲ್, ಜಾಗದ ಹೆಸರು ಶಂಖಭೂಮಿ. ನದಿ, ಹಳ್ಳಿ, ಹೆಸರುಗಳು ಎಲ್ಲ ನಮ್ಮ ಕಿವಿಗೆ ಹತ್ತಿರ. ಯಾರೋ ಒಬ್ಬ ರಾಶಿಗೆ ಹೋದರೆ ಅವನ ಪಾತ್ರ ಈ ಕಥೆಯಲ್ಲಿ ಇಲ್ಲ, ಮುಂದಿನದರಲ್ಲಿ ಬರುತ್ತದೆ. ಯಾರಿಗೂ ನಷ್ಟವಿಲ್ಲ.

ಹೊಡೆದಾಟ ಬೇಡವೇ ಬೇಡ ಅನ್ನುವ ಗುಂಪಿದ್ದರೆ 2021ರ ದಿ ವೈಲ್ಡ್ ಬಿಯಾಂಡ್ ದಿ ವಿಚ್‌ಲೈಟ್ ನೋಡಿ. ಮಾಯದ ಜಾತ್ರೆಯೊಂದರಿಂದ ಶುರು. ಪೂರ್ತಿ ಕಥೆಯನ್ನು ಒಂದೂ ಕತ್ತಿ ಎತ್ತದೆ ಮುಗಿಸಬಹುದು. ಮಕ್ಕಳೊಂದಿಗೆ ಆಡಲೂ ಒಳ್ಳೆಯದು.

ಹೆಜ್ಜೆ 4: ನಿಯಮ ಯಾವುದು

ಇದರ ಬಗ್ಗೆ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ನಾನು ಬೇಗ ಮುಗಿಸುತ್ತೇನೆ.

ಡಂಜನ್ಸ್ ಅಂಡ್ ಡ್ರಾಗನ್ಸ್ ಐದನೇ ಆವೃತ್ತಿಯ ಮೂಲ ನಿಯಮಗಳು 2023ರ ಜನವರಿಯಲ್ಲಿ ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬಂದವು, ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ಇದೇ ಬಗೆಯ ಇನ್ನೊಂದು ಆಟ ಪಾತ್‌ಫೈಂಡರ್, ಅದರ ಎರಡನೇ ಆವೃತ್ತಿಯ ನಿಯಮಗಳೂ ಆನ್‌ಲೈನ್‌ನಲ್ಲಿ ಉಚಿತ, ಆದರೆ ಲೆಕ್ಕ ಜಾಸ್ತಿ. ಡಂಜನ್ಸ್ ಅಂಡ್ ಡ್ರಾಗನ್ಸ್‌ಗೆ 2014ರ ಪುಸ್ತಕವೂ ಇದೆ, 2024ರ ತಿದ್ದಿದ ಪುಸ್ತಕವೂ ಇದೆ. ಮೇಜಿನ ಮೇಲೆ ಎರಡನ್ನೂ ಇಟ್ಟುಕೊಂಡರೆ ಪ್ರತಿ ಮಂತ್ರಕ್ಕೂ ಜಗಳ. ಒಂದನ್ನು ಆರಿಸಿ, ಇನ್ನೊಂದನ್ನು ಕಪಾಟಿಗೆ ಹಾಕಿ.

ಒಗಟು, ಪತ್ತೇದಾರಿ ಇಷ್ಟಪಡುವವರಿಗೆ ಕಾಲ್ ಆಫ್ ಕ್ಥುಲು ಅನ್ನುವ ಬೇರೆ ಆಟ ಇದೆ. 1981ರಿಂದ ಬಂದದ್ದು. ಅದರಲ್ಲಿ ಎಲ್ಲ ಪರ್ಸೆಂಟ್ ಲೆಕ್ಕ. ನಿನಗೆ ಬೀಗ ತೆಗೆಯುವುದು 45 ಅಂದರೆ 100ರ ದಾಳದಲ್ಲಿ 45 ಅಥವಾ ಅದಕ್ಕಿಂತ ಕಡಿಮೆ ಬೀಳಬೇಕು. ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡಿದ ಯಾರಿಗೂ ಪರ್ಸೆಂಟ್ ಬಿಡಿಸಿ ಹೇಳಬೇಕಿಲ್ಲ. ಹೊಸಬರಿಗೆ 20 ಮುಖದ ದಾಳಕ್ಕಿಂತ ಇದೇ ಬೇಗ ತಲೆಗೆ ಹೋಗುತ್ತದೆ ಅಂತ ನನ್ನ ಅನುಭವ.

ದಾಳದ ಮಾತು ಬಂತು. ನಮ್ಮಲ್ಲಿ ಒಬ್ಬ, ಇಷ್ಟೆಲ್ಲ ಯಾಕೆ, ಅಜ್ಜಿಯ ಕವಡೆ ತರ್ತೀನಿ ಅಂದಿದ್ದ. ಆಗುವುದಿಲ್ಲ. ನಾಲ್ಕು ಕವಡೆ ಎರಡೂ ಕಡೆ ಸಮವಾಗಿ ಬೀಳುತ್ತವೆ ಅಂದುಕೊಂಡರೂ 16 ಸಲದಲ್ಲಿ 6 ಸಲ ಎರಡೇ ಬೀಳುತ್ತದೆ, ನಾಲ್ಕು ಒಂದೇ ಸಲ. 20 ಮುಖದ ದಾಳದಲ್ಲಿ ಪ್ರತಿ ಅಂಕಿಗೂ 5 ಪರ್ಸೆಂಟ್ ಸಮ ಅವಕಾಶ. ಆಟದ ಲೆಕ್ಕವೆಲ್ಲ ಆ ಸಮಪಾಲಿನ ಮೇಲೆ ನಿಂತಿದೆ. ಏಳು ದಾಳದ ಸೆಟ್ ಒಂದೇ ಇದ್ದರೆ ಹಂಚಿಕೊಂಡು ಆಡಿ, ಇಲ್ಲವೆ ಮೊಬೈಲ್ ಆ್ಯಪ್ ಸಾಕು. ಕವಡೆಯನ್ನು ಕಥೆಯೊಳಗಿನ ಜೂಜಿಗೆ ಬಳಸಿ. ನಾವು ಹಾಗೇ ಮಾಡಿದೆವು, ಒಂದು ಪಾತ್ರ ತನ್ನ ಕುದುರೆ ಕಳೆದುಕೊಂಡಿತು.

ಹೆಜ್ಜೆ 5: ಚಹಾದ ಪರೀಕ್ಷೆ

ಪುಸ್ತಕ ಕೊಳ್ಳುವ ಮೊದಲು ಅದರ ಸಾರಾಂಶ ಎಲ್ಲಾದರೂ ಓದಿ. ಆಮೇಲೆ ಈ ಆಟದ ಗಂಧ ಗಾಳಿ ಇಲ್ಲದ ಒಬ್ಬರನ್ನು ಹಿಡಿದು ಚಹಾಕ್ಕೆ ಕರೆಯಿರಿ. ಕಪ್ ಖಾಲಿಯಾಗುವುದರೊಳಗೆ ಕಥೆ ಕನ್ನಡದಲ್ಲಿ ಹೇಳಿ ಮುಗಿಸಬೇಕು. ಕೆಟ್ಟವನು ಯಾರು, ಅವನಿಗೆ ಏನು ಬೇಕು, ಯಾರೂ ತಡೆಯದಿದ್ದರೆ ಏನಾಗುತ್ತದೆ. ಈ ಮೂರು ನಿಮ್ಮ ಬಾಯಿಂದ ತಡವರಿಸದೆ ಬಂದರೆ ಆ ಕ್ಯಾಂಪೇನ್ ನಿಮಗೆ ಆಡಿಸಲು ಬರುತ್ತದೆ. 'ಅಂದರೆ ಸಾವಿರ ವರ್ಷದ ಹಿಂದೆ ಒಂದು ಯುದ್ಧ ಆಗಿತ್ತು, ಅದರಲ್ಲಿ ಹನ್ನೆರಡು ದೇವತೆ...' ಅಂತ ಶುರುವಾದರೆ ಬಿಟ್ಟುಬಿಡಿ.

ಕನ್ನಡದಲ್ಲೇ ಅಂತ ಯಾಕೆ ಹೇಳಿದೆ ಅಂದರೆ, ಪುಸ್ತಕಗಳು ಇಂಗ್ಲಿಷಿನಲ್ಲಿವೆ. ಆಟಗಾರರಿಗೆ ಓದಿ ಹೇಳಬೇಕಾದ ಪ್ಯಾರಾಗಳನ್ನು ಪೆಟ್ಟಿಗೆ ಹಾಕಿ ಕೊಟ್ಟಿರುತ್ತಾರೆ. ಅದನ್ನು ಇದ್ದ ಹಾಗೆ ಓದಿದರೆ ಮೇಜು ತಣ್ಣಗಾಗುತ್ತದೆ. ನಾನು ಮೊದಲ ಸಲ ಮಂಜಿನ ಕಣಿವೆಯ ವರ್ಣನೆಯನ್ನು ಇಂಗ್ಲಿಷಿನಲ್ಲಿ ಓದಿದಾಗ ಬ್ಯಾಂಕಿನವನು ಆಕಳಿಸಿದ. ಪೆಟ್ಟಿಗೆಯಿಂದ ಮೂರು ವಿವರ ಮಾತ್ರ ಎತ್ತಿಕೊಳ್ಳಿ: ಕಣ್ಣಿಗೆ ಒಂದು, ಕಿವಿಗೆ ಒಂದು, ಮೂಗಿಗೆ ಒಂದು. ಉಳಿದದ್ದು ನಿಮ್ಮ ಮಾತು. ನಮ್ಮ ಮೇಜಿನಲ್ಲಿ ಅರ್ಧ ಕನ್ನಡ, ಅರ್ಧ ದಖನಿ ನಡೆಯುತ್ತದೆ. ಸಂತೆಯ ವ್ಯಾಪಾರಿ ದಖನಿಯಲ್ಲಿ ಚೌಕಾಸಿ ಮಾಡಿದಷ್ಟು ಜೀವಂತವಾಗಿ ಯಾವ ಪುಸ್ತಕದ ಸಂಭಾಷಣೆಯೂ ಬರುವುದಿಲ್ಲ.

ಕೊಂಡ ಮೇಲೂ ಮೊದಲ ಪುಟದಿಂದ ಕೊನೇ ಪುಟದವರೆಗೆ ಓದುತ್ತಾ ಕೂರಬೇಡಿ. ಮೊದಲ ಅಧ್ಯಾಯ ಎರಡು ಸಲ, ಕೊನೆಯದು ಒಂದು ಸಲ, ನಡುವಿನದ್ದು ಕಣ್ಣಾಡಿಸಿ. ಆಟಗಾರರು ಹೇಗೂ ನಡುವನ್ನು ಕೆಡಿಸುತ್ತಾರೆ.

ಹೆಜ್ಜೆ 6: ಕಥೆಯನ್ನು ಊರಿಗೆ ತನ್ನಿ

ನನ್ನ ಈಗಿನ ಆಟಗಾರರು ಓದುತ್ತಿದ್ದರೆ ಇಲ್ಲಿಂದ ಮುಂದಿನ ಹೆಜ್ಜೆಗೆ ಹಾರಿ. ಚಹಾ ಕೊಡಿಸುತ್ತೇನೆ.

ಫ್ಯಾಂಡೆಲ್ವರ್ ಗಣಿಯನ್ನು ನಾನು ಎರಡನೇ ಸಲ ಬೇರೆ ಗುಂಪಿಗೆ ಆಡಿಸುತ್ತಿದ್ದೇನೆ, ಆದರೆ ಎಲ್ಲಾ ಹೆಸರು ಬದಲಿಸಿ. ಪುಸ್ತಕದ ಎಲುಬು ಹಾಗೇ ಇದೆ, ಮೈ ಮಾತ್ರ ನಮ್ಮದು. ಗಡಿಯ ಹಳ್ಳಿ ಈಗ ಶಹಾಬಾದ್ ಕಡೆಯ ಕಲ್ಲುಗಣಿ ಹಳ್ಳಿ. ಮನೆ, ಬೇಲಿ, ಮಾಳಿಗೆ, ದನದ ಗೋದಲಿ ಎಲ್ಲ ಹಾಸುಗಲ್ಲು. ಒಳಗೆ ಕಾಲಿಟ್ಟರೆ ತಂಪು, ಹೊರಗೆ ಬಿಸಿಲು. ವರ್ಣಿಸಲು ನನಗೆ ಪುಸ್ತಕವೇ ಬೇಡ. ಗಾಬ್ಲಿನ್‌ಗಳು ದಾರಿಗಳ್ಳರಾದರು.

ಮೂಲ ಕಥೆಯ ಕೊನೆಗೆ ಅಲೆಯ ಸದ್ದು ಮೊಳಗುವ ಒಂದು ಗುಹೆ ಇದೆ, ಅದರೊಳಗೆ ಮಂತ್ರದ ಕುಲುಮೆ. ನಾನು ಗುಹೆಯ ಜಾಗಕ್ಕೆ ಬೀದರಿನ ಸುರಂಗ ಬಾವಿ ತಂದೆ. 15ನೇ ಶತಮಾನದಲ್ಲಿ ಬಹಮನಿ ಕಾಲದಲ್ಲಿ ಪರ್ಷಿಯಾದ ಕರೇಜ್ ಪದ್ಧತಿಯಂತೆ ಕೊರೆದ ಕಾಲುವೆ ಅದು. ನೌಬಾದ್ ಹತ್ತಿರ ನೆಲದಡಿ ಹರಿಯುತ್ತದೆ, ಮೇಲೆ ಸಾಲಾಗಿ ಗಾಳಿ ಬಾವಿಗಳು. ಒಂದು ಬಾವಿಯಿಂದ ಇಣುಕಿದರೆ ಕೆಳಗೆ ಕತ್ತಲು, ನೀರಿನ ಸಪ್ಪಳ. ಡಂಜನ್, ಅಂದರೆ ಅಪಾಯ ತುಂಬಿದ ನೆಲಮಾಳಿಗೆ, ಬೇಕು ಅಂತ ಇನ್ನೆಲ್ಲಿಗೆ ಹೋಗುತ್ತೀರಿ ಹೇಳಿ? ನಕ್ಷೆ ಬಿಡಿಸುವುದೂ ಸುಲಭ: ಉದ್ದ ಗೆರೆ, ಅದರ ಮೇಲೆ ಚುಕ್ಕಿಗಳು. ಪ್ರತಿ ಚುಕ್ಕಿಯಲ್ಲೂ ಮೇಲಿನಿಂದ ಬೆಳಕು ಬೀಳುತ್ತದೆ, ಎರಡು ಚುಕ್ಕಿಯ ನಡುವೆ ಕತ್ತಲು. ಹೊಡೆದಾಟದಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಅನ್ನುವುದಕ್ಕೆ ತಾನಾಗಿಯೇ ಬೆಲೆ ಬಂತು.

ಮಂತ್ರದ ಕುಲುಮೆ ಬಿದ್ರಿ ಕುಲುಮೆ ಆಯಿತು. ಸತುವು, ತಾಮ್ರ ಕೂಡಿಸಿ ಎರಕ ಹೊಯ್ದು, ಕೊರೆದು, ಬೆಳ್ಳಿ ತುಂಬಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರಿನಲ್ಲಿ ಕಾಯಿಸುತ್ತಾರೆ. ಮೈ ಪೂರ್ತಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. ಬೇರೆ ಮಣ್ಣಿಗೆ ಆ ಕಪ್ಪು ಬರುವುದಿಲ್ಲ ಅಂತ ಕುಶಲಕರ್ಮಿಗಳು ಹೇಳುತ್ತಾರೆ. ನನ್ನ ಕಥೆಯಲ್ಲಿ ಕೆಟ್ಟವನಿಗೆ ಬೇಕಾದದ್ದು ಆ ಮಣ್ಣು. ಪುಸ್ತಕದ ಕೆಟ್ಟವನಿಗಿಂತ ಇವನ ಆಸೆ ಅರ್ಥವಾಗುತ್ತದೆ, ಅಲ್ವಾ?

ಇನ್ನು ರಾಜಕೀಯದ ಕಥೆ ಬೇಕಿದ್ದರೆ ಮಹಮೂದ್ ಗವಾನನ ಸಾವಿಗಿಂತ ಒಳ್ಳೆಯ ಎಳೆ ಸಿಗುವುದು ಕಷ್ಟ. ಪರ್ಷಿಯಾದಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು, 1472ರಲ್ಲಿ ಬೀದರಿನ ಮದರಸಾ ಕಟ್ಟಿಸಿದವನು. ಅವನ ಮುದ್ರೆ ಬಿದ್ದ ಖಾಲಿ ಹಾಳೆಯೊಂದನ್ನು ವಿರೋಧಿಗಳು ಸಂಪಾದಿಸಿ, ಅದರ ಮೇಲೆ ದೇಶದ್ರೋಹದ ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. 1481ರಲ್ಲಿ ಸುಲ್ತಾನ ಅವನ ತಲೆ ತೆಗೆಸಿದ. ಇದನ್ನು ಆಟಕ್ಕೆ ತರುವಾಗ ಹೆಸರು ಬದಲಿಸಿ, ರಾಜ್ಯ ಬದಲಿಸಿ. ಖಾಲಿ ಹಾಳೆ ಇನ್ನೂ ಖಾಲಿ ಇರುವಾಗ ಅದು ಆಟಗಾರರ ಕೈಗೆ ಸಿಗಲಿ. ಸುಟ್ಟು ಹಾಕುತ್ತಾರೋ, ಮಾರುತ್ತಾರೋ, ತಾವೇ ಏನಾದರೂ ಬರೆಯುತ್ತಾರೋ? ನನ್ನ ಮೊದಲ ಗುಂಪು ಒಂದು ಪೂರ್ತಿ ಸಂಜೆ ಇದೊಂದನ್ನೇ ಚರ್ಚಿಸಿತು. ದಾಳ ಮುಟ್ಟಲೇ ಇಲ್ಲ.

ಯಾದಗಿರಿ ಕಡೆಯವರಿಗೆ ಬೆಟ್ಟದ ಮೇಲಿನ ಕೋಟೆ ಇದೆ, ಸುರಪುರದ ಸೀಮೆ ಇದೆ. ಸೇಡಂ ಕಡೆಯವರಿಗೆ ಕಾಗಿಣಾ ದಂಡೆಯ ಮಳಖೇಡ. ರಾಷ್ಟ್ರಕೂಟರ ರಾಜಧಾನಿ, 972ರಲ್ಲಿ ಪರಮಾರರು ಬಂದು ದೋಚಿದ್ದು. ದೋಚಿದ ರಾತ್ರಿ ನಿಧಿ ಹೊತ್ತು ಓಡಿಹೋದ ನಾಲ್ವರು ಯಾರು ಅಂತ ಶುರು ಮಾಡಿದರೆ ಒನ್‌ಶಾಟ್ ಸಿದ್ಧ.

ಹೆಜ್ಜೆ 7: ಗೆರೆ ಎಳೆಯಿರಿ

ಆಟ ಶುರುವಾಗುವ ಮೊದಲು ಒಂದು ಸಂಜೆ ಸುಮ್ನೆ ಮಾತಿಗೆ ಕೂರಬೇಕು. ಸೆಷನ್ ಝೀರೋ ಅನ್ನುತ್ತಾರೆ. ಪಾತ್ರ ಮಾಡುವುದರ ಜೊತೆಗೆ ಯಾವುದು ಮೇಜಿನ ಮೇಲೆ ಬರಬಾರದು ಅನ್ನುವುದನ್ನೂ ಅವತ್ತೇ ಹೇಳಿಕೊಳ್ಳಬೇಕು. ಮಕ್ಕಳಿಗೆ ಹಿಂಸೆ ಬೇಡ, ಹಾವು ಬೇಡ, ಆಸ್ಪತ್ರೆ ಬೇಡ, ಏನಾದರೂ ಇರಬಹುದು. ಕಾರಣ ಕೇಳಬೇಡಿ, ಬರೆದುಕೊಳ್ಳಿ. ಆಟದ ನಡುವೆ ನೆನಪಾದರೆ ಮುಟ್ಟಿ ತೋರಿಸಲು ಮೇಜಿನ ಮೇಲೆ ಎಕ್ಸ್ ಅಂತ ಬರೆದ ಕಾರ್ಡ್ ಇಡುವುದು ಬೇರೆ ಕಡೆ ರೂಢಿ. ನಮ್ಮಲ್ಲಿ ಕಾರ್ಡಿನ ಬದಲು 'ಇದ ಬಿಡ್ರಿ' ಅಂದರೆ ಸಾಕು, ಆ ದೃಶ್ಯ ಅಲ್ಲಿಗೇ ಬಿಟ್ಟು ಮುಂದೆ ಹೋಗುತ್ತೇವೆ.

ಊರಿನ ಇತಿಹಾಸ ಆಡುವವರಿಗೆ ಇನ್ನೂ ಎರಡು ಗೆರೆ ನಾನು ಸೇರಿಸುತ್ತೇನೆ. ಒಂದು, ಜನ ಇವತ್ತಿಗೂ ಕೈಮುಗಿಯುವ ಯಾರನ್ನೂ ಪಾತ್ರ ಮಾಡಬೇಡಿ. ಬಸವಕಲ್ಯಾಣದ 12ನೇ ಶತಮಾನ ಎಷ್ಟೇ ನಾಟಕೀಯವಾಗಿದ್ದರೂ ಶರಣರ ಬಾಯಲ್ಲಿ ನಿಮ್ಮ ಮಾತು ಹಾಕಬೇಡಿ. ಬಂದೇನವಾಜರಿಗೂ ಇದೇ ಮಾತು. ಕಲಬುರಗಿ ಕೋಟೆಯೊಳಗಿನ 1367ರ ಜಾಮಿ ಮಸೀದಿ, ಅಂಗಳಕ್ಕೂ ಸೂರು ಹೊದಿಸಿದ ಆ ಕಂಬಗಳ ಸಾಲು, ನಕ್ಷೆಗೆ ಹೇಳಿ ಮಾಡಿಸಿದ ಹಾಗಿದೆ. ಆದರೂ ಅಲ್ಲಿ ಕತ್ತಿ ಕಾಳಗ ಇಡಬೇಡಿ. ಎರಡು, ಹತ್ತಿರದ ಗಾಯ. ನಿಜಾಮರ ಹೈದರಾಬಾದ್ ರಾಜ್ಯ ಭಾರತಕ್ಕೆ ಸೇರಿದ 1948ರ ಸೆಪ್ಟೆಂಬರ್ 17ಕ್ಕೆ ಮುಂಚಿನ ದಿನಗಳ ಕಥೆ ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯರ ಬಾಯಲ್ಲಿ ಇನ್ನೂ ಇದೆ, ಎರಡೂ ಕಡೆಯ ಮನೆಗಳಲ್ಲಿ. ನಿಜಾಮರ ಕಾಲದ 1920ರ ಕಲಬುರಗಿಯಲ್ಲಿ ಒಂದು ಪತ್ತೇದಾರಿ ಕಥೆ ಆಡಿಸಬಹುದು. ರೈಲು ಸ್ಟೇಷನ್, ಎಂಎಸ್‌ಕೆ ಬಟ್ಟೆ ಮಿಲ್ಲಿನ ಚಿಮಣಿ, ರಾತ್ರಿ ಪಾಳಿಯಿಂದ ಮನೆಗೆ ಬಾರದ ಒಬ್ಬ ಕೂಲಿ. ಅಷ್ಟಕ್ಕೆ ನಿಲ್ಲಿಸಿ. 40ರ ದಶಕಕ್ಕೆ ಬರಬೇಡಿ.

ಹೆಜ್ಜೆ 8: ಒಂದು ಸಂಜೆ ಆಡಿ ನೋಡಿ

ಆರಿಸಿದ ಕ್ಯಾಂಪೇನಿನ ಮೊದಲ ಅಧ್ಯಾಯವನ್ನೇ ಒನ್‌ಶಾಟ್ ಅಂತ ಆಡಿಸಿ. ಮುಗಿದ ಮೇಲೆ ಯಾರನ್ನೂ 'ಹೇಗಿತ್ತು?' ಅಂತ ಕೇಳಬೇಡಿ, ಎಲ್ಲರೂ ಚಲೋ ಇತ್ತು ಅನ್ನುತ್ತಾರೆ. ಮೂರು ದಿನ ಕಾಯಿರಿ. ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ತಾವಾಗಿ ತಮ್ಮ ಪಾತ್ರದ ಮಾತೆತ್ತಿದರೆ ಮುಂದುವರಿಸಿ. ಯಾರೂ ಉಸಿರೆತ್ತದಿದ್ದರೆ ಹೆಜ್ಜೆ 3ಕ್ಕೆ ವಾಪಸ್.

ಮುಂದುವರಿಸುವುದಾದರೆ ಎರಡು ವಿಷಯ ಬರೆದು ಗುಂಪಿಗೆ ಹಾಕಿ: ಕೊನೆಯ ಸೆಷನ್ ಯಾವ ತಿಂಗಳಿಗೆ, ಮತ್ತು ಎಷ್ಟು ಜನ ಬಂದರೆ ಆಟ ನಡೆಯುತ್ತದೆ. ನಮ್ಮಲ್ಲಿ ಮೂವರು. ಇಬ್ಬರೇ ಬಂದರೆ ಕೇರಂ.

ಮೊದಲ ಸಂಜೆಗೆ ಬೇಕಾದದ್ದು ಜಾಸ್ತಿ ಏನಿಲ್ಲ. ಕ್ಯಾರೆಕ್ಟರ್ ಶೀಟ್ ತಲೆಗೆರಡು, ಯಾಕೆಂದರೆ ಒಂದು ಹಾಳಾಗುತ್ತದೆ. ಪೆನ್ಸಿಲ್, ರಬ್ಬರ್. ದಾಳ. ಹಳೇ ಕ್ಯಾಲೆಂಡರಿನ ಹಿಂಬದಿ, ನಕ್ಷೆಗೆ. 20 ಹೆಸರುಗಳ ಪಟ್ಟಿ, ಆಟಗಾರರು ದಾರಿಯಲ್ಲಿ ಸಿಕ್ಕ ಕುರಿ ಕಾಯುವವನ ಹೆಸರು ಕೇಳಿದಾಗ ತಡವರಿಸದಿರಲು. ಸುಸಲಾ ಮತ್ತು ಮಿರ್ಚಿಯನ್ನು ಆಟ ಶುರುವಾಗುವ ಮೊದಲೇ ತಿಂದು ಮುಗಿಸಿ, ಕೈ ತೊಳೆದು ಕೂರಿ. ನಮ್ಮ ಮೇಷ್ಟ್ರ ಪಾತ್ರದ ಹಾಳೆಯಲ್ಲಿ ಮಿರ್ಚಿ ಎಣ್ಣೆ ಬಿದ್ದ ಜಾಗದಲ್ಲಿ ಅವರ ಶಕ್ತಿ 16 ಇತ್ತೋ 18 ಇತ್ತೋ ಅನ್ನುವ ತಕರಾರು ಇನ್ನೂ ಬಗೆಹರಿದಿಲ್ಲ.